ಕೆಥಾರ್ಸಿಸ್: ಭಾವವನ್ನು ಕಳೆಯುವುದೋ, ಹದಗೊಳಿಸುವುದೋ?

ಕೆಥಾರ್ಸಿಸ್ ಎಂದರೆ ಗ್ರೀಕ್ ವೈದ್ಯರ ಬಾಯಲ್ಲಿ ಭೇದಿ ಮಾಡಿಸಿ ದೇಹವನ್ನು ಶೋಧಿಸುವ ಚಿಕಿತ್ಸೆ, ಪೂಜಾರಿಗಳ ಬಾಯಲ್ಲಿ ಮೈಲಿಗೆ ಕಳೆಯುವ ವಿಧಿ. ಅದನ್ನು ಕಾವ್ಯವಿಚಾರಕ್ಕೆ ತಂದ ಅರಿಸ್ಟಾಟಲ್ ಸ್ವತಃ ವೈದ್ಯನ ಮಗ. ರುದ್ರನಾಟಕವು ಮರುಕ, ಭಯಗಳನ್ನು ಎಬ್ಬಿಸಿ ಅಂಥ ಭಾವಗಳ ಕೆಥಾರ್ಸಿಸ್ ನಡೆಸುತ್ತದೆ ಎಂದು 'ಪೊಯೆಟಿಕ್ಸ್'ನ ಆರನೆಯ ಅಧ್ಯಾಯದಲ್ಲಿ ಹೇಳಿದನೇ ಹೊರತು ಬಿಡಿಸಿ ಹೇಳಲಿಲ್ಲ. ಕಾವ್ಯ ಭಾವಗಳಿಗೆ ನೀರೆರೆದು ಬೆಳೆಸುತ್ತದೆ ಎಂಬ ಪ್ಲೇಟೊನ ಆಕ್ಷೇಪಕ್ಕೆ ಇದು ಉತ್ತರವೆಂದು ಹಲವರು ಭಾವಿಸುತ್ತಾರೆ. ಮುಂದೆ ವಾದ ಎರಡು ಕವಲಾಯಿತು. ಭಾವಗಳು ಸದ್ಗುಣವಾಗಿ ಮಾರ್ಪಡುತ್ತವೆ ಎಂದು ಜರ್ಮನ್ ವಿಮರ್ಶಕ ಲೆಸ್ಸಿಂಗ್ ಬಗೆದ. ಇಲ್ಲಿರುವುದು ವೈದ್ಯಕೀಯ ಅರ್ಥವೇ, ಒತ್ತಡ ಹೊರಹೋಗಿ ಮನಸ್ಸು ಹಗುರಾಗುತ್ತದೆ ಎಂದು 1857ರಲ್ಲಿ ವಿದ್ವಾಂಸ ಯಾಕೋಬ್ ಬೆರ್ನಾಯ್ಸ್ ಸಾಧಿಸಿದ.

ಕನ್ನಡದಲ್ಲಿ ಈ ಪ್ರಶ್ನೆಗೆ ಜೀವ ಬಂದದ್ದು ಬಿ.ಎಂ.ಶ್ರೀ. ಅವರ ನಾಟಕಗಳಿಂದ. ಸಾಫೊಕ್ಲಿಸ್‌ನ 'ಅಜಾಕ್ಸ್' ಆಧರಿಸಿ ಅವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗ್ರೀಕ್ ನಾಟಕದ ವೀರ ಬುದ್ಧಿಭ್ರಮೆಯಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದುಹಾಕುತ್ತಾನೆ. ಭ್ರಮೆ ಇಳಿದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಗೇ ಬೀಳುತ್ತಾನೆ. ಈ ಎರಕಕ್ಕೆ ಹೊಯ್ದಾಗ ಚಿರಂಜೀವಿಯೆನಿಸಿದ ಅಶ್ವತ್ಥಾಮನೂ ಸಾಯಬೇಕಾಯಿತು. ಮಂಗಳದಲ್ಲಿ ಮುಗಿಯುವ ನಾಟಕಕ್ಕೆ ಒಗ್ಗಿದ್ದವರಿಗೆ ಇದು ಹೊಸತು.

ದುಃಖ ನೋಡಿ ಸುಖವೇಕೆ ಎಂಬುದಕ್ಕೆ ಭಾರತೀಯರ ಉತ್ತರ ರಸತತ್ತ್ವ. ಶೋಕವು ನನ್ನದು, ಅವನದು ಎಂಬ ಹಂಗು ಕಳಚಿಕೊಂಡು ಸಾಧಾರಣೀಕರಣಗೊಂಡಾಗ ಕರುಣರಸವಾಗುತ್ತದೆ. ಇಲ್ಲಿ ಶೋಕ ಹೊರಹೋಗುವುದಿಲ್ಲ, ಆಸ್ವಾದ್ಯವಾಗುತ್ತದೆ. ಹೀಗಾಗಿ ಗ್ರೀಕರದು ವಿಸರ್ಜನೆ, ನಮ್ಮದು ಆಸ್ವಾದನೆ ಎಂದು ಗೆರೆ ಎಳೆಯುವುದು ಸುಲಭ.

ಭೇದಿ ಮಾಡಿಸಿ ಶೋಧಿಸುವ ಆಯುರ್ವೇದದ ವಿರೇಚನ ಕರ್ಮವನ್ನು ನೋಡಿದರೆ ಆ ಗೆರೆ ಅಷ್ಟು ಗಟ್ಟಿಯಲ್ಲ. ಬೆಂಗಳೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ಇಂದಿಗೂ ಕಲಿಸುವ ಶಾಸ್ತ್ರ ಇದು. ರೋಗಿಗೆ ಮೊದಲೇ ಭೇದಿಮದ್ದು ಕೊಡುವುದಿಲ್ಲ. ಕೆಲವು ದಿನ ದಿನೇದಿನೇ ಪ್ರಮಾಣ ಏರಿಸುತ್ತ ತುಪ್ಪ ಕುಡಿಸಿ, ಎಣ್ಣೆ ಹಚ್ಚಿ, ಬೆವರಿಸುತ್ತಾರೆ. ಸಡಿಲಗೊಂಡ ದೋಷ ಕೋಷ್ಠಕ್ಕೆ, ಅಂದರೆ ಹೊಟ್ಟೆ-ಕರುಳಿಗೆ, ಬಂದ ಮೇಲೆ ತಿಗಡೆ ಬೇರು ಅಥವಾ ಕಕ್ಕೆಕಾಯಿಯ ತಿರುಳಿನಂಥ ಮದ್ದು. ಆಮೇಲೆ ತೆಳುಗಂಜಿಯಿಂದ ಆರಂಭಿಸಿ ಮೆಲ್ಲಮೆಲ್ಲಗೆ ಊಟಕ್ಕೆ ಮರಳಿಸುವ ಸಂಸರ್ಜನ ಕ್ರಮ. ಹೋಗಬೇಕಾದದ್ದು ಕೆರಳಿದ ಪಿತ್ತ ಮಾತ್ರ. ಪಿತ್ತವೇ ಹೋದರೆ ಜಠರಾಗ್ನಿಯೇ ಉಳಿಯದು.

ಅಂದರೆ ವೈದ್ಯಕೀಯ ಅರ್ಥದಲ್ಲೂ ಶೋಧನೆಯ ಗುರಿ ಸಮಸ್ಥಿತಿಯೇ, ಬರಿದಾಗುವುದಲ್ಲ. ತಕ್ಕ ಸಂದರ್ಭದಲ್ಲಿ ತಕ್ಕಷ್ಟು ಭಯಪಡುವುದು ಗುಣವೇ ಎನ್ನುವ ಅರಿಸ್ಟಾಟಲ್‌ನ ನೀತಿಶಾಸ್ತ್ರಕ್ಕೂ ಇದು ಒಪ್ಪುತ್ತದೆ. ಹೋಲಿಕೆಗೊಂದು ಮಿತಿಯೂ ಇದೆ: ವೈದ್ಯ ರೋಗಿಯ ಬಲ ನೋಡಿ ಮಾತ್ರೆ ನಿಗದಿ ಮಾಡುತ್ತಾನೆ, ನಾಟಕ ಸಭೆಗೆಲ್ಲ ಒಂದೇ ಪ್ರಮಾಣದಲ್ಲಿ ಬಡಿಸುತ್ತದೆ. ಅದು ಯಾರಲ್ಲಿ ಎಷ್ಟು ಕೆಲಸ ಮಾಡೀತು ಎಂಬುದನ್ನು ಸಹೃದಯನ ಸಂಸ್ಕಾರವೇ ನಿರ್ಧರಿಸಬೇಕು.