ಸವೆದ ಯಂತ್ರ ಮತ್ತು ಶ್ರಾವಕನ ವಿವೇಕ

ಭಾರ ಹೊತ್ತು ಮುದಿಯಾದ ಎತ್ತನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಸಮಾಜವು ಬಹು ಹಿಂದೆಯೇ ಉತ್ತರ ಕಂಡುಕೊಂಡಿದೆ. ದುಡಿಯಲಾರದ ಪ್ರಾಣಿಗೆ ಹುಲ್ಲು, ನೀರು, ನೆರಳುಗಳನ್ನು ಒದಗಿಸಿ, ಅದರ ಆಯುಷ್ಯ ತಾನಾಗಿ ತೀರುವವರೆಗೆ ಕಾಪಾಡುವ ಪಾಂಜರಪೋಳಗಳೇ ಆ ಉತ್ತರ. ಭಾರ ಹೊತ್ತು ಮುದಿಯಾದ ಯಂತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡವರೇ ಅಲ್ಲ. ಅಜೀವಕ್ಕೆ ಸುಖದುಃಖಗಳಿಲ್ಲ, ಆದುದರಿಂದ ಅಲ್ಲಿ ಧರ್ಮಾಧರ್ಮದ ವಿಚಾರವೇ ಹುಟ್ಟದೆಂದು ತಟ್ಟನೆ ಹೇಳಿಬಿಡಬಹುದು. ತತ್ತ್ವದೃಷ್ಟಿಯಿಂದ ಅದರ ಮೊದಲರ್ಧ ಸರಿಯೇ. ಗೂಡ್ಸ್ ಗಾಡಿಯ ಎಂಜಿನ್ ನೋಯುವುದಿಲ್ಲ. ಆದರೆ ಅದನ್ನು ಕಟ್ಟಿಸಿದವರು, ಓಡಿಸಿದವರು, ಕಡೆಗೆ ಕತ್ತರಿಸುವವರು, ಕತ್ತರಿಸಿದುದನ್ನು ಕೊಳ್ಳುವವರು ಎಲ್ಲರೂ ಜೀವಿಗಳು. ಕರ್ಮಬಂಧವು ಕಬ್ಬಿಣಕ್ಕಲ್ಲ, ಇವರಿಗೆ.

ಇನ್ನೊಂದು ಕಾರಣದಿಂದಲೂ ಈ ಯಂತ್ರವು ನಮಗೆ ಅನ್ಯವಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು: ಹೊರಲಾರದ ಹೊರೆಯನ್ನು ಪ್ರಾಣಿಯ ಮೇಲೆ ಹೇರುವುದು. ಒಂದು ಕಾಲಕ್ಕೆ ಹುಬ್ಬಳ್ಳಿ, ಧಾರವಾಡಗಳ ಹತ್ತಿಯು ಹೇರೆತ್ತುಗಳ ಬೆನ್ನೇರಿ, ಬಂಡಿಗಳನ್ನೇರಿ, ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. 1880ರ ದಶಕದಲ್ಲಿ ರೈಲುಮಾರ್ಗವು ಹುಬ್ಬಳ್ಳಿಯನ್ನು ಮುಟ್ಟಿ, ಅಲ್ಲಿಂದ ಮುಂದೆ ಮರ್ಮಗೋವೆಯ ಬಂದರಿಗೆ ದಾರಿಯಾದ ಮೇಲೆ ಆ ಹೊರೆಯನ್ನು ಎಂಜಿನ್ ಹೊತ್ತಿತು. ಎತ್ತಿನ ಮೇಲಿನ ದಯೆಯಿಂದ ಯಾರೂ ರೈಲನ್ನು ಹಾಕಲಿಲ್ಲ, ನಿಜ. ಲಾಭಕ್ಕಾಗಿ ಹಾಕಿದರು. ಆದರೂ ಎಷ್ಟೋ ಮೂಕಪ್ರಾಣಿಗಳ ಹೆಗಲಿನ ಗಾಯವನ್ನು ಆ ಯಂತ್ರ ತಪ್ಪಿಸಿತೆಂಬುದನ್ನು ಅಲ್ಲಗಳೆಯಲಾಗದು. ಇಂದಿಗೂ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಾಟಿಯಲ್ಲಿ, ಪ್ರತಿ 37 ಅಡಿಗೆ ಒಂದು ಅಡಿಯ ಇಳಿಜಾರಿನಲ್ಲಿ, ಹಿಂದೆ ಮುಂದೆ ಹಲವು ಎಂಜಿನ್‌ಗಳನ್ನು ಕಟ್ಟಿಕೊಂಡು ಕಲ್ಲಿದ್ದಲಿನ ಗಾಡಿಯೊಂದು ಮೇಲೇರುವುದನ್ನು ಕಂಡವರಿಗೆ ಭಾರವೆಂಬ ಮಾತಿನ ಅರ್ಥ ತಿಳಿಯುತ್ತದೆ.

ಈ ಯಂತ್ರಗಳ ಬಾಳಿನ ಕ್ರಮವನ್ನು ಸ್ವಲ್ಪ ನೋಡೋಣ. 1962ರಲ್ಲಿ ಅಮೆರಿಕದ ಆಲ್ಕೊ ಕಂಪೆನಿಯಿಂದ ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಎಂಜಿನ್‌ಗಳು ನಮ್ಮ ದೇಶಕ್ಕೆ ಬಂದವು. 1964ರ ಜನವರಿಯಿಂದ ವಾರಾಣಸಿಯ ಕಾರ್ಖಾನೆಯೇ ಅವುಗಳನ್ನು ತಯಾರಿಸತೊಡಗಿತು. ಹದಿನಾರು ಸಿಲಿಂಡರು, 2600 ಅಶ್ವಶಕ್ತಿ, ಸುಮಾರು 113 ಟನ್ ತೂಕ. ಜನ್ಮವಿತ್ತ ಆಲ್ಕೊ ಕಂಪೆನಿಯು 1969ರಲ್ಲಿ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಅದರ ವಿನ್ಯಾಸವು ಮಾತ್ರ ಗಂಗೆಯ ದಡದಲ್ಲಿ ದಶಕಗಟ್ಟಲೆ ಬದುಕಿತು. 1990ರ ದಶಕದ ನಡುವಿನಿಂದ ಅದೇ ವಂಶದ, ಸರಕು ಸಾಗಣೆಗೆಂದೇ ಮಾಡಿದ 3100 ಅಶ್ವಶಕ್ತಿಯ ಡಬ್ಲ್ಯುಡಿಜಿ-3ಎ ಎಂಜಿನ್‌ಗಳು ಹೊರಬಂದವು. ರೈಲ್ವೆಯ ನಿಯಮದಲ್ಲಿ ಡೀಸೆಲ್ ಎಂಜಿನ್ನಿನ ಆಯುಷ್ಯ 36 ವರ್ಷ, ವಿದ್ಯುತ್ ಎಂಜಿನ್ನಿನದು 35 ವರ್ಷ. ಆಯುಷ್ಯ ತೀರಿದುದನ್ನು ಪರಿಶೀಲಿಸಿ ನಿರುಪಯುಕ್ತವೆಂದು ಬರೆದಿಡುತ್ತಾರೆ. ಬಳಸಬಹುದಾದ ಭಾಗಗಳನ್ನು ಉಳಿದ ಎಂಜಿನ್‌ಗಳಿಗೆಂದು ಕಳಚಿಕೊಳ್ಳುತ್ತಾರೆ. ಉಳಿದ ಒಡಲು ಹರಾಜಿಗೆ ಹೋಗುತ್ತದೆ. ಕೊಂಡವನು ಗ್ಯಾಸ್ ಕಟರ್‌ನಿಂದ ಅದನ್ನು ತುಂಡು ತುಂಡು ಮಾಡಿಸಿ ಲಾರಿಗೆ ತುಂಬಿಸುತ್ತಾನೆ. ಅಲ್ಲಿಂದ ಮುಂದೆ ಅದು ಕುಲುಮೆಯ ಪಾಲು.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟ ಚಿನ್ನದ ಕೊಡದ ದೃಷ್ಟಾಂತವು ನಮ್ಮ ವಾಚಕರಿಗೆ ಪರಿಚಿತವಾದುದು. ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡವನ್ನು ಬಯಸಿದವನಿಗೆ ದುಃಖ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನಷ್ಟೇ ಕಂಡವನಿಗೆ ಎರಡೂ ಇಲ್ಲ. ಉತ್ಪಾದ, ವ್ಯಯ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ನೆಲೆಸಿವೆಯೆಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನವಿಲ್ಲ. ಎಂಜಿನ್ನಿನ ವಿಷಯದಲ್ಲಿಯೂ ಈ ಮೂವರನ್ನು ಕಾಣಬಹುದು. ಮೂವತ್ತು ವರ್ಷ ಅದರ ಸದ್ದನ್ನು ಕೇಳಿಯೇ ರೋಗವನ್ನು ಹೇಳಬಲ್ಲವನಾಗಿದ್ದ ಲೋಕೋ ಶೆಡ್ಡಿನ ಮೇಸ್ತ್ರಿಗೆ ದುಃಖ. ಅಗ್ಗದ ಲೋಹ ದೊರೆತ ಕುಲುಮೆಯ ಒಡೆಯನಿಗೆ ಹರ್ಷ. ಟನ್ನಿಗೆ ಇಷ್ಟೆಂದು ಲೆಕ್ಕ ಬರೆಯುವ ಗುಮಾಸ್ತನಿಗೆ ಎರಡೂ ಇಲ್ಲ. ಹಾಗೆಂದು ಈ ಗುಮಾಸ್ತನನ್ನು ಸಮಭಾವಿಯೆನ್ನಬಹುದೆ? ದ್ರವ್ಯದ ನಿತ್ಯತೆಯನ್ನು ಅರಿತು ಮಧ್ಯಸ್ಥನಾಗುವುದು ಬೇರೆ, ಯಾವುದೂ ತನಗೆ ಸಂಬಂಧಿಸಿದ್ದಲ್ಲವೆಂದು ತಣ್ಣಗಿರುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ತೋರುವುದರಿಂದಲೇ ಎಷ್ಟೋ ಸಂದರ್ಭಗಳಲ್ಲಿ ನಾವು ಉದಾಸೀನವನ್ನು ವೈರಾಗ್ಯವೆಂದು ಕರೆದುಕೊಳ್ಳುತ್ತೇವೆ. ಮೇಸ್ತ್ರಿಯ ದುಃಖವನ್ನು ಮೂರ್ಛೆಯೆಂದು ಕಡೆಗಣಿಸುವುದೂ ನನಗೆ ಒಪ್ಪಿಗೆಯಿಲ್ಲ. ಅವನು ಎಂಜಿನ್ನಿನ ಒಡೆಯನಲ್ಲ, ಅದರಿಂದ ಸಂಗ್ರಹಿಸಿದ್ದು ಏನೂ ಇಲ್ಲ. ತಾನು ಕಲಿತ ವಿದ್ಯೆಗೆ ಇನ್ನು ಕೆಲಸವಿಲ್ಲವೆಂಬ ಸಂಕಟವನ್ನು ಪರಿಗ್ರಹವೆಂದು ಹೆಸರಿಸುವ ಅಧಿಕಾರವು, ಕೋಶಾಗಾರಗಳ ಕೀಲಿಕೈ ಇಟ್ಟುಕೊಂಡ ನಮಗೆ ಎಲ್ಲಿಂದ ಬಂತು?

ಇನ್ನು ಆಯುಷ್ಯ ತೀರುವ ಮೊದಲೇ ಎಂಜಿನ್‌ಗಳನ್ನು ನಿವೃತ್ತಗೊಳಿಸುವ ವಿಷಯ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಳಿದಿದ್ದ 13,675 ಕಿಲೋಮೀಟರ್‌ಗಳನ್ನೂ ವಿದ್ಯುದೀಕರಿಸಲು ಒಪ್ಪಿಗೆ ನೀಡಿತು. ಅದರ ಬಹುತೇಕ ಕೆಲಸ ಈಗ ಮುಗಿದಿದೆ. ಪರಿಣಾಮವಾಗಿ, ಇನ್ನೂ ಹಲವು ವರ್ಷ ದುಡಿಯಬಲ್ಲ ಡೀಸೆಲ್ ಎಂಜಿನ್‌ಗಳು ಕೆಲಸವಿಲ್ಲದೆ ನಿಂತವು, ಕೆಲವು ಹರಾಜಿಗೂ ಹೋದವು. ಇದು ಅನರ್ಥದಂಡವೇ, ಅಂದರೆ ಪ್ರಯೋಜನವಿಲ್ಲದ ಹಿಂಸೆಯೇ ಎಂದು ಕೇಳಬಹುದು.

ಹೌದೆಂದು ಕೂಡಲೇ ಹೇಳುವಂತಿಲ್ಲ. ಡೀಸೆಲ್ ಉರಿದಷ್ಟೂ ಹೊಗೆ. ಆ ತೈಲದ ಬಹುಭಾಗ ಪರದೇಶದಿಂದ ಬರತಕ್ಕದ್ದು. ಕೊಂಡುಕೊಂಡದ್ದನ್ನು ಪೂರ್ತಿ ಬಳಸಲೇಬೇಕೆಂಬ ಹಟದಿಂದ ಇನ್ನೂ ಹದಿನೈದು ವರ್ಷ ಹೊಗೆಯುಗುಳಿಸುವುದು ಮಿತವ್ಯಯವಲ್ಲ. ಹಳಸಿದ ಅನ್ನವನ್ನು ವ್ಯರ್ಥವಾಗಬಾರದೆಂದು ಉಂಡು ಕಾಯಿಲೆ ಬೀಳುವವನನ್ನು ಯಾರೂ ಸಂಯಮಿಯೆನ್ನುವುದಿಲ್ಲ. ವಿದ್ಯುತ್ ಎಂಜಿನ್ನು ನಿರ್ದೋಷವೆಂದು ಇದರಿಂದ ತಿಳಿಯಬಾರದು. ನಮ್ಮ ದೇಶದ ವಿದ್ಯುತ್ತಿನ ಹೆಚ್ಚು ಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ. ಆ ಕಲ್ಲಿದ್ದಲನ್ನು ಎಳೆದು ತರುವುದೂ ಅದೇ ಎಂಜಿನ್ನು. ಹೊಗೆಯು ಹಳಿಯ ಪಕ್ಕದ ಊರಿನಿಂದ ಉಷ್ಣಸ್ಥಾವರದ ಪಕ್ಕದ ಊರಿಗೆ ಹೋಯಿತು. ಆದರೂ ಹೊಸ ಎಂಜಿನ್‌ಗಳು ಇಳಿಜಾರಿನಲ್ಲಿ ಬ್ರೇಕು ಹಾಕುವಾಗ ವಿದ್ಯುತ್ತನ್ನು ಮರಳಿ ತಂತಿಗೆ ಕೊಡುತ್ತವೆ, ಮತ್ತು ಮುಂದೆ ಬಿಸಿಲು, ಗಾಳಿಗಳಿಂದ ವಿದ್ಯುತ್ತು ಬಂದಷ್ಟೂ ಅವುಗಳ ದೋಷ ಕಡಿಮೆಯಾಗುತ್ತದೆ. ಡೀಸೆಲ್‌ಗೆ ಆ ದಾರಿಯಿಲ್ಲ. ಆದುದರಿಂದ ನಿವೃತ್ತಿಯು ತಪ್ಪಲ್ಲವೆಂದೇ ನನ್ನ ಅಭಿಪ್ರಾಯ.

ತಪ್ಪು ಇದ್ದರೆ ಅದು ಬೇರೆ ಕಡೆ ಇದೆ. 2015ರ ನವೆಂಬರ್‌ನಲ್ಲಿ ರೈಲ್ವೆಯು ಬಿಹಾರದ ಎರಡು ಊರುಗಳಿಗೆ ಸಂಬಂಧಿಸಿ ಎರಡು ದೊಡ್ಡ ಒಪ್ಪಂದಗಳನ್ನು ಮಾಡಿಕೊಂಡಿತು: ಮಧೇಪುರದಲ್ಲಿ 800 ವಿದ್ಯುತ್ ಎಂಜಿನ್‌ಗಳು, ಮರ್ಹೌರಾದಲ್ಲಿ 1000 ಡೀಸೆಲ್ ಎಂಜಿನ್‌ಗಳು. ಮೂರು ವರ್ಷ ಕಳೆಯುವುದರೊಳಗೆ ಎಲ್ಲ ಮಾರ್ಗಗಳನ್ನೂ ವಿದ್ಯುದೀಕರಿಸುವ ನಿರ್ಣಯವಾಯಿತು. ಅಪರಿಗ್ರಹವೆಂದರೆ ಇರುವುದನ್ನು ಬಿಡುವುದು ಮಾತ್ರವಲ್ಲ. ಬೇಕೋ ಬೇಡವೋ ಎಂಬುದು ತೀರ್ಮಾನವಾಗುವ ಮೊದಲು ಕೂಡಿಹಾಕದಿರುವುದೂ ಅಪರಿಗ್ರಹವೇ. ಪರಿಮಾಣವ್ರತವನ್ನು ಮುಂಚಿತವಾಗಿ ಸ್ವೀಕರಿಸಬೇಕೆಂದು ಹೇಳಿರುವುದು ಇದಕ್ಕಾಗಿ. ರಾಜ್ಯಾಡಳಿತಕ್ಕೆ ಶ್ರಾವಕವ್ರತವನ್ನು ವಿಧಿಸಲಾಗದು. ಭದ್ರತೆಯ ದೃಷ್ಟಿಯಿಂದ ಕೆಲವು ಡೀಸೆಲ್ ಎಂಜಿನ್‌ಗಳು ಯಾವಾಗಲೂ ಬೇಕು ಎಂಬ ವಾದದಲ್ಲಿಯೂ ಹುರುಳಿದೆ. ಮರ್ಹೌರಾದ ಕಾರ್ಖಾನೆಯು 2025ರಲ್ಲಿ ಆಫ್ರಿಕದ ಗಿನಿ ದೇಶಕ್ಕೆ ಎಂಜಿನ್ ಕಳುಹಿಸತೊಡಗಿದ್ದರಿಂದ ಅದಕ್ಕೆ ಬೇರೊಂದು ದಾರಿಯೂ ದೊರೆಯಿತು. ಆದರೆ ಈ ಉದಾಹರಣೆ ನಮ್ಮ ಮನೆಗಳಿಗೂ ಬಸದಿಗಳಿಗೂ ಸಲ್ಲುತ್ತದೆಂಬುದನ್ನು, ಎರಡು ವರ್ಷಕ್ಕೊಮ್ಮೆ ಬದಲಾಗುವ ಧ್ವನಿವರ್ಧಕಗಳನ್ನೂ ಜನರೇಟರುಗಳನ್ನೂ ತುಂಬಿಕೊಂಡ ಉಗ್ರಾಣಗಳನ್ನು ಕಂಡವರು ಬಲ್ಲರು.

ಹಳೆಯದನ್ನು ಕೊಡುವುದು ದಾನವಾಗುತ್ತದೆಯೇ ಎಂಬುದು ಮತ್ತೊಂದು ಸೂಕ್ಷ್ಮ. ಭಾರತವು 2020ರ ಜುಲೈಯಲ್ಲಿ ಹತ್ತು, 2023ರ ಮೇ ತಿಂಗಳಲ್ಲಿ ಇಪ್ಪತ್ತು ಬ್ರಾಡ್‌ಗೇಜ್ ಡೀಸೆಲ್ ಎಂಜಿನ್‌ಗಳನ್ನು ಬಾಂಗ್ಲಾದೇಶಕ್ಕೆ ಹಸ್ತಾಂತರಿಸಿತು. ಪಡೆದವರಿಗೆ ಉಪಯೋಗವಿದ್ದರೆ, ಬಿಡಿಭಾಗಗಳೂ ಜೊತೆಗೆ ದೊರೆತರೆ, ಅದು ಒಳ್ಳೆಯ ಕಾರ್ಯ. ವಸ್ತುವಿನ ಆಯುಷ್ಯವೂ ಸಾರ್ಥಕವಾಗುತ್ತದೆ. ದಾತೃವು ತನಗೆ ಭಾರವಾದುದನ್ನು ಇಳಿಸಿಕೊಂಡಾಗ ಪುಣ್ಯದ ಲೆಕ್ಕವನ್ನು ಬರೆದುಕೊಳ್ಳದಿದ್ದರೆ ಸಾಕು.

ಈಗ ಕತ್ತರಿಸುವ ಅಂಗಳಕ್ಕೆ ಬರೋಣ. ನಮ್ಮ ಸಮಾಜದ ಅನೇಕ ಕುಟುಂಬಗಳು ಲೋಹದ ವ್ಯಾಪಾರದಲ್ಲಿರುವುದರಿಂದ ಈ ಭಾಗವೇ ನಮಗೆ ಹತ್ತಿರದ್ದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೇ ಮೊದಲಾದ ಗ್ರಂಥಗಳು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳನ್ನು ಹೇಳುತ್ತವೆ. ಬೆಂಕಿಯಿಂದ ಜೀವಿಸುವ ಅಂಗಾರಕರ್ಮ, ಬಂಡಿಗಳ ಶಕಟಕರ್ಮ, ಬಾಡಿಗೆಗೆ ಹೊರೆ ಸಾಗಿಸುವ ಭಾಟಕಕರ್ಮ, ನೆಲವನ್ನು ಒಡೆಯುವ ಸ್ಫೋಟಕರ್ಮ ಇವೆಲ್ಲ ಅಲ್ಲಿವೆ. ಅಕ್ಷರಶಃ ಹಿಡಿದರೆ ರೈಲಿನ ಬಾಳಿನ ಯಾವ ಹಂತವೂ ನಿರ್ದೋಷವಲ್ಲ: ಅದಿರು ಅಗೆಯುವುದು, ಕರಗಿಸುವುದು, ಗಾಡಿ ಮಾಡುವುದು, ಹೊರೆ ಸಾಗಿಸುವುದು. ಅಂತಹ ಗಾಡಿಯಲ್ಲಿ ಬಂದ ಅಕ್ಕಿಯನ್ನುಣ್ಣುವ ಗೃಹಸ್ಥನು ಗುಜರಿಯವನನ್ನು ಮಾತ್ರ ಬೇರೆ ನಿಲ್ಲಿಸುವುದು ನ್ಯಾಯವಲ್ಲ.

ನನಗೆ ತೋರುವಂತೆ, ಈ ಸರಪಳಿಯಲ್ಲಿ ಗುಜರಿಯ ವ್ಯಾಪಾರವೇ ಕಡಿಮೆ ಹಿಂಸೆಯ ಕೊಂಡಿಯಾಗಬಲ್ಲದು. ಹಳೆಯ ಉಕ್ಕಿನ ಒಂದು ಟನ್ನು ಕುಲುಮೆಗೆ ಹೋದರೆ 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು ಉಳಿಯುತ್ತವೆಂದು ವಿಶ್ವ ಉಕ್ಕು ಸಂಘದ ಲೆಕ್ಕ. ಒಂದು ಎಂಜಿನ್ನಿನಿಂದ ನೂರು ಟನ್ ಉಕ್ಕು ದೊರೆಯಿತೆಂದು ಇಟ್ಟುಕೊಂಡರೆ 140 ಟನ್ ಅದಿರನ್ನು ಅಗೆಯಬೇಕಾಗಿಲ್ಲ. ನೆಲದೊಳಗಿನ ಅದಿರನ್ನು ಪೃಥ್ವೀಕಾಯವೆಂದು ನಂಬುವ ನಮಗೆ ಇದು ಬರಿಯ ಉಳಿತಾಯವಲ್ಲ. ಗಣಿಯ ಧೂಳು ಎಂತಹುದೆಂಬುದನ್ನು ಸಂಡೂರು, ಬಳ್ಳಾರಿಗಳ ಜನ ಕಂಡಿದ್ದಾರೆ; 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು.

ಆದರೆ ಆ ಹಗುರವಾದ ಹಿಂಸೆಯೆಲ್ಲ ಒಬ್ಬನೇ ಮನುಷ್ಯನ ಮೇಲೆ ಬಂದು ಕೂರುತ್ತದೆ. ಕಟರ್ ಹಿಡಿದವನ ಮೇಲೆ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ಜ್ವಾಲೆ ತಗುಲಿದೊಡನೆ ಅದು ಹೊಗೆಯಾಗಿ ಅವನ ಶ್ವಾಸವನ್ನು ಸೇರುತ್ತದೆ. ಬಟ್ಟೆಗಂಟಿದ ಸೀಸದ ಪುಡಿಯು ಅವನ ಮನೆಯ ಹಸುಗೂಸಿನವರೆಗೆ ಹೋಗುತ್ತದೆ. ಹಳೆಯ ಯಂತ್ರಗಳ ಶಾಖ ತಡೆಯುವ ಹೊದಿಕೆಯಲ್ಲಿ ಕಲ್ನಾರು ಇದ್ದರೆ, ಅದರ ನಾರು ಶ್ವಾಸಕೋಶದಲ್ಲಿ ಕುಳಿತು ದಶಕಗಳಾದ ಮೇಲೆ ಕಾಯಿಲೆಯಾಗಿ ಏಳುತ್ತದೆ. ಬ್ಯಾಟರಿಯ ಆಮ್ಲ, ತಳದಲ್ಲಿ ಉಳಿದ ಎಣ್ಣೆಗಳು ಅಂಗಳದ ಮಣ್ಣಿಗಿಳಿದು, ಹತ್ತಿರದ ಬಾವಿಗೂ ಇಳಿಯುತ್ತವೆ. ಅಪಾಯಕರ ತ್ಯಾಜ್ಯಗಳ ಬಗ್ಗೆ 2016ರ ನಿಯಮಗಳಿವೆ, ಬ್ಯಾಟರಿಗಳ ಬಗ್ಗೆ 2022ರ ನಿಯಮಗಳಿವೆ. ನಿಯಮ ಪಾಲಿಸಲು ಹಣ ಬೇಕು. ಮುಖಗವಸು, ಕೈಗವಸು, ನೆಲಕ್ಕೆ ಹಾಸು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಇಷ್ಟನ್ನೂ ಲೆಕ್ಕಕ್ಕೆ ಹಿಡಿದ ವ್ಯಾಪಾರಿಯು ಹರಾಜಿನಲ್ಲಿ ಕೂಗುವ ಬೆಲೆ ಕಡಿಮೆಯಾಗಲೇಬೇಕು. ಹೆಚ್ಚು ಕೂಗಿದವನಿಗೆ ಮಾಲು. ಅಂದರೆ ಯತ್ನಾಚಾರವುಳ್ಳವನು ಸೋಲುವಂತೆಯೇ ಈ ಪದ್ಧತಿಯು ಏರ್ಪಟ್ಟಿದೆ.

ಕೃತ, ಕಾರಿತ, ಅನುಮೋದನವೆಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಟರ್ ಹಿಡಿದವನು ಕೃತದ ಬಾಗಿಲಲ್ಲಿದ್ದಾನೆ, ಅದೂ ಹೊಟ್ಟೆಪಾಡಿಗಾಗಿ. ಹಿಡಿಸಿದವನು ಕಾರಿತದಲ್ಲಿ. ಹೆಚ್ಚಿನ ಬೆಲೆ ಬಂತೆಂದು ಸಂತೋಷಪಟ್ಟ ಇಲಾಖೆ, ಅಗ್ಗದ ಕಂಬಿ ದೊರೆಯಿತೆಂದು ಮನೆ ಕಟ್ಟಿಸಿದ ನಾವು ಅನುಮೋದನದಲ್ಲಿ. ಅದೇ ಲಾಭದ ಒಂದಂಶವು ಪಂಚಕಲ್ಯಾಣಕ್ಕೋ ಮಾನಸ್ತಂಭದ ಜೀರ್ಣೋದ್ಧಾರಕ್ಕೋ ದೇಣಿಗೆಯಾಗಿ ಬಂದಾಗ ರಸೀದಿ ಹರಿದುಕೊಡುವ ಆಡಳಿತ ಮಂಡಳಿಯು ಯಾವ ಬಾಗಿಲಲ್ಲಿದೆಯೆಂಬುದನ್ನೂ ಎಣಿಸಬೇಕು. ದಾನಿಯನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂದು ಹಿರಿಯರು ಹೇಳಬಹುದು. ಪಾಂಜರಪೋಳಕ್ಕೆ ಹುಲ್ಲು ಕೊಡುವವನು ಅದನ್ನು ಯಾರ ಹೊಲದಿಂದ ತಂದನೆಂದು ನಾವು ವಿಚಾರಿಸುವುದಿಲ್ಲ ನಿಜ. ಅದು ಕದ್ದ ಹುಲ್ಲೆಂದು ತಿಳಿದರೆ ಮಾತ್ರ ಸ್ವೀಕರಿಸುವುದಿಲ್ಲ. ಹಾಗಾದರೆ ಒಬ್ಬ ಕೂಲಿಯ ಉಸಿರಿನಿಂದ ಉಳಿಸಿದ ಹಣವನ್ನು ಏನೆಂದು ಕರೆಯಬೇಕು? ಲೋಹದ ವ್ಯಾಪಾರದಲ್ಲಿರುವ ಬಂಧುಗಳು, ಒಬ್ಬೊಬ್ಬರಾಗಿ ನಿಂತರೆ ಹರಾಜಿನಲ್ಲಿ ಸೋಲುವವರು, ಊರೂರಿನಲ್ಲಿ ಕೂಡಿ ಮಾತಾಡಿಕೊಂಡು ಮುಖಗವಸು, ರಕ್ತಪರೀಕ್ಷೆಗಳ ಖರ್ಚನ್ನು ಹರಾಜಿನ ಷರತ್ತಿನಲ್ಲಿಯೇ ಸೇರಿಸಬೇಕೆಂದು ಇಲಾಖೆಯನ್ನು ಕೇಳಲು ಅಡ್ಡಿಯೇನೂ ಇಲ್ಲ. ಎಲ್ಲರಿಗೂ ಒಂದೇ ಷರತ್ತಾದರೆ ಯಾರಿಗೂ ನಷ್ಟವಿಲ್ಲ. ಅಂತಹ ಮನವಿಗೆ ಬಸದಿಗಳ ಟ್ರಸ್ಟುಗಳೂ ಸಹಿ ಹಾಕಬಹುದು.