ದೋಷ ಯಾರದು?

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬಂದವರು ಅಲ್ಲಿಯ ನಾಗರಕಲ್ಲುಗಳನ್ನು ಮರೆಯಲಾರರು. ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸಾಲುಸಾಲಾಗಿ ನಿಂತಿರುವ ಆ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ಹಿಂದೆ ಯಾರೋ ದಂಪತಿಗಳ ಹರಕೆಯಿದೆ. ಮಕ್ಕಳಾಗಲಿ, ಆದ ಮಕ್ಕಳು ಉಳಿಯಲಿ, ಹುಟ್ಟುವ ಕೂಸಿಗೆ ಯಾವ ಊನವೂ ಇಲ್ಲದಿರಲಿ ಎಂಬ ಬೇಡಿಕೆ ಅದು. ಮಗು ಸತ್ತು ಹುಟ್ಟಿದರೆ, ಅಥವಾ ಸೊಟ್ಟ ಕಾಲಿನೊಡನೆ ಹುಟ್ಟಿದರೆ, ನಮ್ಮ ಹಿರಿಯರು ಕೊಡುತ್ತಿದ್ದ ಕಾರಣ ಒಂದೇ: ಸರ್ಪದೋಷ. ಹಿಂದೆ ಯಾವುದೋ ಜನ್ಮದಲ್ಲಿ ಯಾರೋ ಹಾವನ್ನು ಕೊಂದಿದ್ದಾರೆ, ಇಲ್ಲವೆ ಅದರ ಮೊಟ್ಟೆ ಒಡೆದಿದ್ದಾರೆ. ಅದರ ಫಲವನ್ನು ಈ ಮನೆ ಉಣ್ಣುತ್ತಿದೆ.

ಈ ನಂಬಿಕೆಯನ್ನು ಹಾಸ್ಯ ಮಾಡುವುದು ಸುಲಭ. ನನಗೆ ಆ ಮನಸ್ಸಿಲ್ಲ. ಕೂಸನ್ನು ಕಳೆದುಕೊಂಡ ತಾಯಿಗೆ ‘ಕಾರಣವೇ ಇಲ್ಲ’ ಎಂಬ ಉತ್ತರಕ್ಕಿಂತ, ಎಷ್ಟೇ ಕ್ರೂರವಾದರೂ ಸರಿಯೆ, ‘ಇಂಥ ಕಾರಣ’ ಎಂಬ ಉತ್ತರ ಹೆಚ್ಚು ಸಹ್ಯವಾಗಿರಬಹುದು. ಆದರೆ ಈ ಕಥೆಯಲ್ಲಿ ಹಾವು ಯಾವಾಗಲೂ ನ್ಯಾಯಾಧೀಶನ ಪೀಠದಲ್ಲಿಯೇ ಕುಳಿತಿರುತ್ತದೆ. ಹಾವಿನ ಮರಿಗಳೂ ಸಾಯುತ್ತವೆ, ಹಾವಿನ ಮೊಟ್ಟೆಯಿಂದಲೂ ಬೆನ್ನು ಮುರಿದಂಥ ಮರಿ ಹೊರಬರುತ್ತದೆ ಎಂಬುದನ್ನು ನಾವು ಯೋಚಿಸಿಯೇ ಇಲ್ಲ. ಆ ಹಾವಿಗೆ ತಗುಲಿದ್ದು ಯಾರ ದೋಷ?

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಾಗರಹಾವೊಂದು ವರ್ಷಕ್ಕೆ 15 ಮೊಟ್ಟೆಯಂತೆ 10 ವರ್ಷ ಇಟ್ಟಿತೆಂದು ಭಾವಿಸಿ; ಒಟ್ಟು 150 ಆಯಿತು. ನಾಡಿನಲ್ಲಿ ನಾಗರಹಾವುಗಳ ಸಂಖ್ಯೆ ಏರದೆ ಇಳಿಯದೆ ಇದ್ದಷ್ಟೇ ಇರಬೇಕಾದರೆ, ಆ 150ರಲ್ಲಿ ಬೆಳೆದು ದೊಡ್ಡದಾಗಿ ತಾಯಿತಂದೆಯ ಸ್ಥಾನ ತುಂಬಬೇಕಾದವು ಎರಡೇ. ಉಳಿದ 148 ಕೊಳೆತೋ, ಒಣಗಿಯೋ, ಇರುವೆ ಮುಂಗುಸಿ ಗರುಡಗಳ ಬಾಯಿಗೆ ಬಿದ್ದೋ ಹೋಗಬೇಕು. ಹೆಣ್ಣು ನಾಗರ ಮೊಟ್ಟೆಗಳ ಬಳಿಯಲ್ಲಿದ್ದು ಕಾಯುವುದುಂಟು; ಮರಿ ಹೊರಬಂದ ಮೇಲೆ ಅದರ ಪಾಡು ಅದಕ್ಕೆ. ಈ 148 ಸಾವುಗಳಿಗೆ ಯಾರ ಪಾಪವೂ ಬೇಕಾಗಿಲ್ಲ. ಅಪರಾಧಿಯಿಲ್ಲದ ನಷ್ಟ ಎಂಬುದೊಂದು ಲೋಕದಲ್ಲಿ ಧಾರಾಳವಾಗಿ ಇದೆ ಎಂದಾಯಿತು.

ಇಲ್ಲಿಗೇ ನಿಲ್ಲಿಸಬಹುದಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಕಾಡಿನ ಲೆಕ್ಕದೊಳಗೆ ಈಗ ಮನುಷ್ಯನ ಕೈ ಸೇರಿಕೊಂಡಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸುತ್ತಿನ ರಾಗಿ ಹೊಲಗಳೂ ದ್ರಾಕ್ಷಿ ತೋಟಗಳೂ ಒಂದೊಂದಾಗಿ ಬಡಾವಣೆಗಳಾಗುತ್ತಿವೆ. ಜೆಸಿಬಿ ಯಂತ್ರ ಹುತ್ತವನ್ನೋ ಹಳೆಯ ಬದುವನ್ನೋ ಬಗೆದಾಗ ಮಣ್ಣಿನೊಡನೆ ಮೊಟ್ಟೆಗಳೂ ಮೇಲೆ ಬರುತ್ತವೆ. ಹಿಂದಾದರೆ ಅವಕ್ಕೆ ಬೆಂಕಿಯೇ ಗತಿ. ಈಗ ಹಾವು ಹಿಡಿಯುವವರಿಗೆ ಯಾರಾದರೂ ಫೋನು ಮಾಡುತ್ತಾರೆ. ಅವರು ಅರಣ್ಯ ಇಲಾಖೆಗೆ ತಿಳಿಸಿ, ಮೊಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸಿ, ತಕ್ಕ ಜಾಗದಲ್ಲಿ ಬಿಡುತ್ತಾರೆ.

ನನ್ನ ಪರಿಚಯದವರೊಬ್ಬರು ಹೀಗೆ ಕೇರೆ ಹಾವಿನ 11 ಮೊಟ್ಟೆಗಳನ್ನು ಇಟ್ಟುಕೊಂಡಿದ್ದರು. ತೇವದ ತೆಂಗಿನ ನಾರಿನ ಪುಡಿ, ಒಂದು ಉಷ್ಣಮಾಪಕ, ಒಂದು ನೋಟುಬುಕ್ಕು: ಇಷ್ಟೇ ಸಲಕರಣೆ. ಒಂದೊಂದು ಮೊಟ್ಟೆಯ ನೆತ್ತಿಯ ಮೇಲೂ ಪೆನ್ಸಿಲಿನ ಗುರುತಿತ್ತು. ಏಕೆಂದು ಕೇಳಿದೆ. ಕೋಳಿ ತನ್ನ ಮೊಟ್ಟೆಗಳನ್ನು ದಿನವೂ ಹೊರಳಿಸುತ್ತದೆ; ಹೊರಳಿಸದಿದ್ದರೆ ಭ್ರೂಣ ಚಿಪ್ಪಿಗೆ ಅಂಟಿಕೊಂಡು ಕೆಡುತ್ತದೆ. ಹಾವಿನ ಮೊಟ್ಟೆಯ ರೀತಿ ಬೇರೆ. ಅದರ ಭ್ರೂಣ ಮೇಲುಗಡೆಯಲ್ಲಿ ನೆಲೆಗೊಂಡ ನಂತರ ತಲೆಕೆಳಗು ಮಾಡಿದರೆ ಮರಿ ಸಾಯಬಹುದು. ಕೋಳಿ ಸಾಕಿದವಳ ಅಕ್ಕರೆಯ ಕೈ ಇಲ್ಲಿ ಕೊಲ್ಲುವ ಕೈಯಾದೀತು. ಶಾಖ ಹೆಚ್ಚಿದರೂ ಕಷ್ಟ, ತಗ್ಗಿದರೂ ಕಷ್ಟ. 28ರಿಂದ 30 ಡಿಗ್ರಿಯ ಸುಮಾರಿನಲ್ಲಿರಬೇಕು. ಅತಿ ಶಾಖದಲ್ಲಿ ಬೆಳೆದ ಮರಿಯ ಬೆನ್ನೆಲುಬು ಸೊಟ್ಟಗಾಗುವುದುಂಟು. ಚಿಪ್ಪನ್ನು ಸೀಳಿ ತಲೆ ಹೊರಹಾಕಿದ ಮರಿ ಒಂದು ದಿನ ಹಾಗೆಯೇ ಕುಳಿತಿದ್ದರೆ, ಪಾಪ, ಸೋತಿದೆಯೆಂದು ಅದನ್ನು ಎಳೆಯಲೂ ಬಾರದು. ಅದು ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ತೆಗೆದುಕೊಳ್ಳುತ್ತಿರುತ್ತದೆ. ಕರುಣೆಗೆ ತಿಳಿವಳಿಕೆಯೂ ಜೊತೆಯಲ್ಲಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಎರಡು ತಿಂಗಳ ಮೇಲೆ ಫಲ ತಿಳಿಯಿತು. ಎರಡು ಮೊಟ್ಟೆ ಬೂಷ್ಟು ಹಿಡಿದವು. ಒಂದರಲ್ಲಿ ಪೂರ್ತಿ ಬೆಳೆದ ಮರಿ ಒಳಗೇ ಸತ್ತಿತ್ತು. ಏಳು ಮರಿಗಳು ಚುರುಕಾಗಿ ಹೊರಬಂದವು. ಹನ್ನೊಂದನೆಯದೂ ಬಂದಿತು, ಆದರೆ ಅದರ ಬೆನ್ನು ಮೂರು ಕಡೆ ಕೊಕ್ಕೆಯಂತೆ ಬಾಗಿತ್ತು. ತೆವಳಹೊರಟರೆ ಇದ್ದಲ್ಲಿಯೇ ಸುತ್ತುತ್ತಿತ್ತು. ಪಕ್ಕದ ಮನೆಯ ಅಜ್ಜಿ ನೋಡಿ, “ನಿನಗೇಕಪ್ಪಾ ಬೇಕಿತ್ತು ಹಾವಿನ ಮೊಟ್ಟೆಯ ಸಹವಾಸ, ಘಾಟಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಾ” ಎಂದರಂತೆ. ಅವರು ಘಾಟಿಗೆ ಹೋಗಲಿಲ್ಲ. ರಾತ್ರಿಯೆಲ್ಲ ನೋಟುಬುಕ್ಕಿನ ಉಷ್ಣಾಂಶದ ಪುಟಗಳನ್ನು ತಿರುವಿಹಾಕುತ್ತ ಕುಳಿತಿದ್ದರು. ಅಜ್ಜಿ ಕೇಳಿದ ಪ್ರಶ್ನೆಯನ್ನೇ ಅವರೂ ಬೇರೊಂದು ಭಾಷೆಯಲ್ಲಿ ಕೇಳಿಕೊಳ್ಳುತ್ತಿದ್ದರು.

ಆ ಮರಿಯನ್ನು ಏನು ಮಾಡಬೇಕು? ಹೊಲಕ್ಕೆ ಬಿಟ್ಟರೆ ಇರುವೆಗಳ ಪಾಲು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಸಾಕಿಕೊಳ್ಳೋಣವೆಂದರೆ, ನುಂಗಲಾರದ ಜೀವವನ್ನು ದಿನಗಟ್ಟಲೆ ನವೆಯಿಸಿದಂತೆ. ಮೇಲಾಗಿ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕಲು ಕಾನೂನು ಬಿಡದು. ಕೊಂದುಬಿಡೋಣವೆಂದರೆ, ಆ ಅಧಿಕಾರ ಯಾರು ಕೊಟ್ಟರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಸಂಕಟವನ್ನು ಊಹಿಸಿದೆ. ಮತ್ತೆ ಚೇತರಿಸಿಕೊಳ್ಳಲಾರದಷ್ಟು ಊನವಾದ ಅಥವಾ ರೋಗಗ್ರಸ್ತವಾದ ಪ್ರಾಣಿಯ ಜೀವ ತೆಗೆಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅಪ್ಪಣೆ ಕೊಡಬಹುದು. ಕಾರಣ ಬರೆಯಬೇಕೆಂಬ ಆ ನಿಬಂಧನೆ ನನಗೆ ಮೆಚ್ಚಿಗೆಯಾಯಿತು. ಕೊಲ್ಲುವುದು ಕೆಲವೊಮ್ಮೆ ದಯೆಯಾಗಬಹುದು. ಆದರೆ ನೋಡಲಾರದ ನಮ್ಮ ಸಂಕಟವನ್ನು ಮುಗಿಸುವುದಕ್ಕೋ ಅದರ ಸಂಕಟವನ್ನು ಮುಗಿಸುವುದಕ್ಕೋ ಎಂಬುದನ್ನು ಬರೆಯುವಾಗಲಾದರೂ ಯೋಚಿಸಬೇಕಾಗುತ್ತದೆ. ಅರ್ಜಿ ಬರೆಯುವ ಮೊದಲೇ, ಮೂರನೆಯ ರಾತ್ರಿ, ಮರಿ ಸತ್ತಿತು. ಅದರೊಡನೆ ಪ್ರಶ್ನೆ ಸಾಯಲಿಲ್ಲ.

ಅದೇ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆಹುಳು ಸಾಕುವವರನ್ನು ನೋಡಿ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಂದು ಹುಳುವಿನ ರೋಗಗಳಿಗೆ ಅವರಲ್ಲಿ ಮನೆಮಾತಿನ ಹೆಸರುಗಳೇ ಇವೆ. ರೋಗದ ಹುಳುವನ್ನು ಆರಿಸಿ ತೆಗೆಯುವಾಗ ಅವರು ಕಣ್ಣೀರಿಡುವುದಿಲ್ಲ. ಹನ್ನೊಂದರಲ್ಲಿ ಒಂದು ಹೋದರೆ ದುಃಖ. ನಲವತ್ತು ಸಾವಿರದಲ್ಲಿ ನೂರು ಹೋದರೆ ಲೆಕ್ಕ. ಆದರೂ ಅವರನ್ನು ಕಲ್ಲೆದೆಯವರೆನ್ನಲಾರೆ. ಬೆಳೆ ಕೆಟ್ಟರೆ ಮುಂದಿನ ಚಾಕಿಗೆ ಮೊದಲು ಮನೆ ತೊಳೆದು, ತಟ್ಟೆ ಚಂದ್ರಿಕೆಗಳನ್ನು ಶುದ್ಧಿಮಾಡುತ್ತಾರೆ. ಯಾರ ದೋಷವೆಂದು ಕೇಳುವ ಹೊತ್ತಿನಲ್ಲಿ, ಮುಂದೆ ಏನು ಮಾಡಬೇಕೆಂದು ಕೇಳುತ್ತಾರೆ. ನೋಟುಬುಕ್ಕು ತಿರುವುತ್ತಿದ್ದ ನನ್ನ ಪರಿಚಯದವರೂ ಬೆಳಗಾಗುವ ಹೊತ್ತಿಗೆ ಇದೇ ಪ್ರಶ್ನೆಗೆ ಬಂದಿದ್ದರು: ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿನಿಂದ ಇನ್ನೂ ದೂರ ಇಡಬೇಕು.

ದೋಷವೆಂಬ ಮಾತನ್ನೇ ಬಿಟ್ಟುಬಿಡೋಣವೇ ಹಾಗಾದರೆ? ಅದೂ ಆಗದು. ಬೆಂಗಳೂರಿನಂಥ ಊರುಗಳಲ್ಲಿ ಈಗ ವಿದೇಶದ ಹಾವುಗಳನ್ನು ಸಾಕುವವರಿದ್ದಾರೆ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಸಾಧು ಹಾವನ್ನು ಬಣ್ಣಕ್ಕಾಗಿ, ಚಿತ್ತಾರಕ್ಕಾಗಿ, ಜೋಡಿ ಕೂಡಿಸಿ ಮರಿ ಮಾಡಿಸುವುದು ಲೋಕದಲ್ಲೆಲ್ಲ ದೊಡ್ಡ ವ್ಯಾಪಾರ. ಅದರಲ್ಲಿ ಸ್ಪೈಡರ್ ಎಂದು ಕರೆಯುವ ಜೇಡರಬಲೆಯ ಚಿತ್ತಾರದ ತಳಿಯೊಂದಿದೆ. ನೋಡಲು ಬಹಳ ಚೆಲುವು. ಆದರೆ ಅದರ ತಲೆ ತೂಗಾಡುತ್ತದೆ. ಕೆಲವು ಮರಿಗಳು ಬೇಟೆಯ ಕಡೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ, ಮಗುಚಿಬಿದ್ದರೆ ಸರಿಯಾಗಿ ಹೊರಳಲಾರವು. ಒಳಕಿವಿಯ ರಚನೆಯೇ ಕೆಟ್ಟಿರುತ್ತದೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಚೆಲುವಿನ ಚಿತ್ತಾರವೂ ಆ ಊನವೂ ಒಟ್ಟಿಗೇ ಬರುತ್ತವೆ. ಒಂದು ಬೇಕಾದವನು ಇನ್ನೊಂದನ್ನೂ ಹುಟ್ಟಿಸಿಯೇ ತೀರಬೇಕು. ‘ಆದರೂ ಅದು ತಿನ್ನುತ್ತದೆ, ಬದುಕುತ್ತದೆ’ ಎಂದು ವಾದಿಸುವವರಿದ್ದಾರೆ. ಬದುಕುತ್ತದೆ, ನಿಜ. ಅದು ಹಾಗೆಯೇ ಬದುಕಬೇಕೆಂದು ನಿಶ್ಚಯಿಸಿದವರು ಯಾರು ಎಂಬುದು ನನ್ನ ಪ್ರಶ್ನೆ. ಇಂಥ ವಿದೇಶಿ ಹಾವುಗಳ ಹುಟ್ಟು ಸಾವುಗಳನ್ನು ಸರ್ಕಾರದಲ್ಲಿ ದಾಖಲಿಸಬೇಕೆಂದು 2024ರ ನಿಯಮ ಹೇಳುತ್ತದೆ. ಏಕೆ ಹುಟ್ಟಿಸಿದೆ ಎಂದು ಕೇಳುವ ಕಾಲಂ ನಮ್ಮ ನಮ್ಮ ಮನಸ್ಸಿನಲ್ಲಿಯೇ ಇರಬೇಕು.

ಅಜ್ಜಿಯ ಸರ್ಪದೋಷ ತಪ್ಪು ವಿಳಾಸಕ್ಕೆ ಹೋದ ಕಾಗದದಂತೆ ನನಗೆ ತೋರುತ್ತದೆ. ಹಾವಿನ ಮೊಟ್ಟೆಗೆ ಮಾಡಿದ್ದಕ್ಕೆ ಉತ್ತರ ಕೊಡಬೇಕೆಂಬ ಅದರ ಒಕ್ಕಣೆ ಸುಳ್ಳಲ್ಲ. ಆದರೆ ಅದು ತಲುಪಬೇಕಾದ್ದು ಕೂಸು ಕಳೆದುಕೊಂಡ ತಾಯಿಯ ಮನೆಗಲ್ಲ. ತಾನಾಗಿ ಒದಗುವ ನಷ್ಟವನ್ನು ಸಹಿಸಬೇಕು. ತಿಳಿಯದೆ ಆದದ್ದರಿಂದ ಕಲಿಯಬೇಕು. ತಿಳಿದೂ ತಿಳಿದೂ ಚೆಲುವಿಗಾಗಿ ಊನವನ್ನು ಹುಟ್ಟಿಸುವುದನ್ನು ಮಾತ್ರ ನಿಲ್ಲಿಸಬೇಕು. ಮೂರನ್ನೂ ಒಂದೇ ಹೆಸರಿನಿಂದ ಕರೆದರೆ, ನಿರಪರಾಧಿ ಅಳುತ್ತಾನೆ, ಅಪರಾಧಿ ವಿಧಿಯನ್ನು ತೋರಿಸಿ ಪಾರಾಗುತ್ತಾನೆ.

ಏಳು ಮರಿಗಳನ್ನು ಕೆರೆಯಂಚಿನ ಪೊದೆಯಲ್ಲಿ ಬಿಟ್ಟುಬಂದ ದಿನ ಅವರ ನೋಟುಬುಕ್ಕಿನ ಕೊನೆಯ ಸಾಲನ್ನು ನೋಡಿದೆ. ಹೊರಬಂದ ಮರಿಗಳ ಸಂಖ್ಯೆಯ ಮುಂದೆ 8 ಎಂದು ಬರೆದಿತ್ತು. ಏಳಲ್ಲವೇ ಎಂದೆ. “ಮೂರು ದಿನ ಇತ್ತಲ್ಲ” ಎಂದರು.