ಹಕ್ಕೋ, ಖೈರಾತೋ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಎಡಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಿದ್ದಳು. "ಆಪಾ, ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಸ್ಟೇಷನ್ನಿಗೆ ಮಾತ್ರ ಬೇಡ" ಎಂದಳು. ಸ್ವಯಂಸೇವಾ ಸಂಸ್ಥೆಯೊಂದು ಸರ್ಕಾರದ ಅನುದಾನದಲ್ಲಿ ನಡೆಸುತ್ತಿದ್ದ ಕೇಂದ್ರಕ್ಕೆ ಅವಳನ್ನು ಕರೆದೊಯ್ದೆ. ಒಂದು ಕೋಣೆ, ಎರಡು ಮೇಜು, ಒಂದು ಫೋನು. ಅಲ್ಲಿದ್ದ ಆಪ್ತಸಮಾಲೋಚಕಿ ಮೊದಲು ಅವಳಿಗೆ ಚಹಾ ತರಿಸಿಕೊಟ್ಟರು. ಆಮೇಲೆ ತಾವೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಾಡಿಗೆ ಅವರ ಪರ್ಸಿನಿಂದಲೇ ಹೋಯಿತು. ಐದು ತಿಂಗಳಿಂದ ಅವರಿಗೆ ಗೌರವಧನ ಬಂದಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಮೇಜಿನ ಮೇಲೆ ತಿಂಗಳ ವರದಿ ಬಿದ್ದಿತ್ತು. ಬಂದ ಪ್ರಕರಣ, ರಾಜಿಯಾದದ್ದು, ಬಾಕಿ ಎಂದು ಮೂರು ಕಾಲಂ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವರು ನಕ್ಕರು. "ರಾಜಿ ಆದ್ರೆ ನಾವು ಪಾಸು ಮೇಡಂ. ಹುಡುಗಿ 'ವಾಪಸ್ ಹೋಗಲ್ಲ' ಅಂದ್ರೆ ಅದು ಬಾಕಿ."

ಈ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನೊಂದವರ ಹೆಸರಿನಲ್ಲಿ ಸರ್ಕಾರ ಹಣ ಕೊಡುತ್ತದೆ, ಸಂಸ್ಥೆ ತೆಗೆದುಕೊಳ್ಳುತ್ತದೆ. ಹಾಗಾದರೆ ಸಂಸ್ಥೆ ಯಾರಿಗೆ ಋಣಿ? ಹಣ ಕೊಟ್ಟವರಿಗೋ, ಯಾರ ಹೆಸರಿನಲ್ಲಿ ಹಣ ಬಂತೋ ಅವರಿಗೋ?

ಇದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೊಡೆದವನು ಒಬ್ಬ, ಹೊಡೆಸಿಕೊಂಡವಳು ಒಬ್ಬಳು. ನಡುವೆ ಸರ್ಕಾರ ಏಕೆ ಹಣ ಕೊಡಬೇಕು? ಬಹುಕಾಲ ಯಾವ ಸರ್ಕಾರವೂ ಕೊಡುತ್ತಿರಲಿಲ್ಲ. ನ್ಯೂಜಿಲೆಂಡ್ 1963ರಲ್ಲಿ ಇದಕ್ಕಾಗಿ ಕಾನೂನು ಮಾಡಿತು, ಮರುವರ್ಷ ಬ್ರಿಟನ್ನಿನಲ್ಲೂ ಇಂಥ ಯೋಜನೆ ಬಂತು. 1985ರಲ್ಲಿ ವಿಶ್ವಸಂಸ್ಥೆ ಅಪರಾಧದ ಸಂತ್ರಸ್ತರಿಗಾಗಿ ಒಂದು ಘೋಷಣೆಯನ್ನೇ ಹೊರಡಿಸಿತು. ನಮ್ಮಲ್ಲಿ 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿತು. 2011ರಲ್ಲಿ ಕರ್ನಾಟಕ ತನ್ನ ಪರಿಹಾರ ಯೋಜನೆ ರೂಪಿಸಿತು. ಆಸಿಡ್ ದಾಳಿಗೊಳಗಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ ಆ ಹಳೆಯ ಕಲಮಿನ ಜಾಗದಲ್ಲಿ 396ನೇ ಕಲಂ ಇದೆ.

ಆ ಕಲಮಿನಲ್ಲಿ ಒಂದು ಮಾತಿದೆ. ಅಪರಾಧಿ ಯಾರೆಂದು ಗೊತ್ತಾಗದೆ ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರ ಕೇಳಿ ಅರ್ಜಿ ಹಾಕಬಹುದು. ಅಂದರೆ ಈ ಹಣ ಅಪರಾಧಿಯ ಸಾಲವನ್ನು ಸರ್ಕಾರ ತೀರಿಸಿದ್ದಲ್ಲ. ಸರ್ಕಾರಕ್ಕೆ ತನ್ನದೇ ಆದ ಸಾಲವೊಂದಿದೆ. "ನೀವು ಕೈ ಎತ್ತಬೇಡಿ, ಸೇಡು ನಿಮ್ಮ ಕೆಲಸವಲ್ಲ, ನಿಮ್ಮನ್ನು ಕಾಯುವುದು ನನಗೆ ಬಿಡಿ" ಎಂದು ಅದು ನಮ್ಮೆಲ್ಲರಿಗೂ ಮಾತು ಕೊಟ್ಟಿದೆ. ಕಾಯಲಾಗದಿದ್ದಾಗ ಆ ಮಾತು ಮುರಿದಂತೆ. ಮುರಿದ ಮಾತಿಗೆ ತೆರುವುದನ್ನು ದಾನ ಎನ್ನಲಾಗದು.

ಉರ್ದು ಶಾಲೆಯಲ್ಲಿ ನಾವು ಕಲಿತ 'ಹಕ್' ಎಂಬ ಶಬ್ದವೇ ಕನ್ನಡಕ್ಕೆ ಬಂದು ಹಕ್ಕು ಆಗಿದೆ. ಅರಬಿಯಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಉಂಟು. ಖೈರಾತು ಕೊಡುವವನ ಮರ್ಜಿಗೆ ಸೇರಿದ್ದು, ಹಕ್ಕು ಪಡೆಯುವವರಿಗೆ ಸೇರಿದ್ದು. ಖೈರಾತು ತಡವಾದರೆ ಕಾಯಬೇಕು, ಹಕ್ಕು ತಡವಾದರೆ ಕೇಳಬೇಕು. ಸಂತ್ರಸ್ತರ ಹಣ ಸರ್ಕಾರದ ಕೈಯಲ್ಲೂ ಸಂಸ್ಥೆಯ ಕೈಯಲ್ಲೂ ಇರುವುದು ಅಮಾನತ್ತಾಗಿ. ಸಮಾಲೋಚಕಿಯ ಐದು ತಿಂಗಳ ಗೌರವಧನ ನಿಂತಾಗ ತಡೆದದ್ದು ಅವರ ಸಂಬಳವನ್ನಷ್ಟೇ ಅಲ್ಲ, ಆ ಬಾಗಿಲು ತಟ್ಟುವ ಪ್ರತಿ ಹೆಣ್ಣಿನ ಹಕ್ಕನ್ನು.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ಸಾರ್ವಜನಿಕರ ಹಣ, ಲೆಕ್ಕ ಕೇಳಬಾರದೇ? ಖಂಡಿತ ಕೇಳಬೇಕು. ಬಿಹಾರದ ಮುಜಫ್ಫರಪುರದ ಬಾಲಿಕಾ ಗೃಹವನ್ನು ನಡೆಸುತ್ತಿದ್ದದ್ದು ಸರ್ಕಾರದ ಅನುದಾನ ಪಡೆಯುತ್ತಿದ್ದ ಒಂದು ಸಂಸ್ಥೆಯೇ. ಆಸರೆ ಬೇಡಿ ಬಂದ ಮಕ್ಕಳ ಮೇಲೆ ಅಲ್ಲೇ ಅತ್ಯಾಚಾರ ನಡೆಯಿತು. 2020ರಲ್ಲಿ ದೆಹಲಿಯ ನ್ಯಾಯಾಲಯ 19 ಜನರನ್ನು ಅಪರಾಧಿಗಳೆಂದು ಘೋಷಿಸಿತು. ಆದರೆ ಅದು ಬಯಲಾದ ಬಗೆ ನೋಡಿ. 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡದ ಸಾಮಾಜಿಕ ಪರಿಶೋಧನೆಯ ವರದಿಯಿಂದ ಅದು ಹೊರಬಂತು. ಆ ತಂಡದವರು ಮಕ್ಕಳ ಜೊತೆ ಕೂತು ಮಾತನಾಡಿದ್ದರು. ರಸೀದಿ ವೋಚರುಗಳು ಇಂಥದ್ದನ್ನು ಹೇಳುವುದಿಲ್ಲ. ಲೆಕ್ಕ ಕೇಳುವುದು ತಪ್ಪಲ್ಲ, ನೊಂದವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುವುದು ತಪ್ಪು.

ಹಾಗಾದರೆ ಸರ್ಕಾರದ ಹಣವೇ ಬೇಡ ಎನ್ನುವವರಿದ್ದಾರೆ. ಪೊಲೀಸರ ಮೇಲೆ ದೂರು ಹೇಳಬೇಕಾದ ಸಂಸ್ಥೆ ಪೊಲೀಸರ ಯಜಮಾನನಿಂದಲೇ ಹಣ ಪಡೆದರೆ ನಾಲಿಗೆ ಕಟ್ಟುವುದಿಲ್ಲವೇ? ಕಟ್ಟುತ್ತದೆ, ಅನುಮಾನವಿಲ್ಲ. ಆದರೆ ಬೇರೆ ದಾರಿಯೂ ಸುಗಮವಲ್ಲ. ಅಮೆರಿಕದಲ್ಲಿ 1984ರಿಂದ ಇದಕ್ಕೆಂದೇ ಒಂದು ನಿಧಿ ಇದೆ. ತೆರಿಗೆಯಿಂದಲ್ಲ, ಒಕ್ಕೂಟ ಸರ್ಕಾರದ ಮೊಕದ್ದಮೆಗಳಲ್ಲಿ ಅಪರಾಧಿಗಳು ಕಟ್ಟುವ ದಂಡದಿಂದ ಅದು ತುಂಬುತ್ತದೆ. ಅಲ್ಲಿಂದ ರಾಜ್ಯಗಳಿಗೆ, ರಾಜ್ಯಗಳಿಂದ ಸೇವಾಸಂಸ್ಥೆಗಳಿಗೆ ಹಣ ಹರಿಯುತ್ತದೆ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ದಂಡದ ವಸೂಲಿ ಇಳಿದಾಗ ನಿಧಿ ಸೊರಗಿತು, ಆಸರೆ ಮನೆಗಳ ಅನುದಾನಕ್ಕೆ ಕತ್ತರಿ ಬಿತ್ತು. 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ದಂಡ ಕಡಿಮೆ ಬಂತೆಂದು ನೊಂದವರು ಕಡಿಮೆಯಾಗುತ್ತಾರೆಯೇ?

ಖಾಸಗಿ ದಾನಿಗಳನ್ನು ನಂಬಿದರೆ ಅವರಿಗೆ ಕಣ್ಣೀರು ತರಿಸುವ ಫೋಟೋ ಬೇಕು. ಕತೆ ಚೆನ್ನಾಗಿಲ್ಲದ ಹೆಣ್ಣಿಗೆ ಯಾರು ಕೊಡುತ್ತಾರೆ? ಹೀಗೆ ಬರೆಯುವಾಗ ನನ್ನ ಕೈಯೂ ಅಳುಕುತ್ತದೆ. ನಾನೂ ಇಂಥವರ ನೋವನ್ನೇ ಕತೆ ಮಾಡಿ ಹೆಸರು ಗಳಿಸಿದ್ದೇನೆ. ಆ ಹೆಣ್ಣುಮಗಳ ಕೈಯ ಗಾಯವನ್ನು ನೋಡುತ್ತಲೇ, ಇದನ್ನು ಹೇಗೆ ಬರೆಯಬಹುದು ಎಂಬ ಯೋಚನೆ ಒಂದು ಕ್ಷಣ ನನ್ನ ತಲೆಯಲ್ಲೂ ಹಾದುಹೋಗಿತ್ತು. ವರದಿಯ ಕಾಲಮಿಗೂ ಕತೆಗಾರರ ಕಣ್ಣಿಗೂ ನಡುವೆ ನಾವು ಅಂದುಕೊಂಡಷ್ಟು ದೂರವಿಲ್ಲ.

ಆದ್ದರಿಂದ ಸರ್ಕಾರದ ಹಣ ಬೇಕು, ಸರ್ಕಾರದ ಅಳತೆಗೋಲು ಬದಲಾಗಬೇಕು ಎನ್ನುವುದೇ ನನಗೆ ಸರಿ ಕಾಣುತ್ತದೆ. ನಮ್ಮ ರಾಜ್ಯದಲ್ಲಿ 2000-01ರಲ್ಲಿ 'ಸಾಂತ್ವನ' ಯೋಜನೆ ಬಂತು, 2015ರಲ್ಲಿ ಕೇಂದ್ರದ 'ಸಖಿ' ಕೇಂದ್ರಗಳು ಬಂದವು. ಹೆಸರುಗಳು ಮುದ್ದಾಗಿವೆ. ಹಣ ಸಮಯಕ್ಕೆ ಸರಿಯಾಗಿ ಬರಲಿ. ಪರಿಶೀಲನೆಗೆ ಬಂದವರು ರಿಜಿಸ್ಟರ್ ತೆರೆಯುವ ಮೊದಲು, ಒಪ್ಪಿದವರನ್ನು ಅವರ ಹೆಸರು ಹೊರಹೋಗದಂತೆ ಕೇಳಲಿ: "ನಿನಗೆ ಏನು ಬೇಕಿತ್ತು? ಅದು ಸಿಕ್ಕಿತೇ?" ರಾಜಿ ಬೇಕೆಂದವಳಿಗೆ ರಾಜಿ, ಬೇಡವೆಂದವಳಿಗೆ ಬೇಡ. ಎರಡೂ ಪಾಸಾಗಲಿ.

ನಮ್ಮ ಬೀದಿಯ ಆ ಹೆಣ್ಣುಮಗಳು ಗಂಡನ ಮನೆಗೆ ವಾಪಸ್ ಹೋಗಲಿಲ್ಲ. ಈಗ ಹೊಲಿಗೆ ಮಾಡುತ್ತಾಳೆ, ಮಗನನ್ನು ಓದಿಸುತ್ತಿದ್ದಾಳೆ. ಮೊನ್ನೆ ರವಿಕೆ ಹೊಲಿಯಲು ಕೊಡಲು ಹೋದಾಗ, ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ಚಕ್ರ ತಿರುಗಿಸುತ್ತಿದ್ದಳು. ಆ ಕೇಂದ್ರದ ಯಾವುದೋ ಹಳೆಯ ವರದಿಯಲ್ಲಿ ಅವಳು ಇನ್ನೂ 'ಬಾಕಿ'.